ಕಾರ್ಡಿನ ಅಂಕ, ಮಗಳ ಅನ್ನ

ಪುಣೆ
೨೦ ನವೆಂಬರ್ ೨೦೦೫

ದೊಡ್ಡಪ್ಪ,

ಫೋನಿನಲ್ಲಿ ಹೇಳಿದರೆ ನಿಮಗೆ ಅರ್ಧ ಕೇಳಿಸುವುದಿಲ್ಲ. ಕೇಳಿಸಿದ ಅರ್ಧವನ್ನು ನೀವು ಒಪ್ಪುವುದಿಲ್ಲ. ಆದ್ದರಿಂದ ಕಾಗದ ಬರೆಯುತ್ತಿದ್ದೇನೆ. ನೀವು ಕಲಿಸಿದ ಕನ್ನಡದಲ್ಲಿ ತಪ್ಪುಗಳಿದ್ದರೆ ಎಂದಿನಂತೆ ಕೆಂಪು ಶಾಯಿಯಲ್ಲಿ ಗುರುತಿಸಿ ಇಟ್ಟುಕೊಳ್ಳಿ.

ವಿಷಯ ಇಷ್ಟೇ. ನನ್ನ ಬಳಿ ಬ್ಯಾಂಕಿನ ಕ್ರೆಡಿಟ್ ಕಾರ್ಡ್ ಇದೆ. ಅದನ್ನು ಕೊಟ್ಟು ಪಾವತಿ ಮಾಡಿದಾಗಲೆಲ್ಲ ಬ್ಯಾಂಕಿನವರು ನನ್ನ ಹೆಸರಿಗೆ ಕೆಲವು ರಿವಾರ್ಡ್ ಪಾಯಿಂಟ್‌ಗಳನ್ನು ಸೇರಿಸುತ್ತಾರೆ. ಈ ನಾಲ್ಕು ವರ್ಷಗಳಲ್ಲಿ ಅವು ಬಹಳವಾಗಿವೆ. ಅವುಗಳಿಗೆ ಬದಲಾಗಿ ಮಿಕ್ಸಿ, ಗಡಿಯಾರ, ಸೂಟ್‌ಕೇಸುಗಳನ್ನು ಕೊಡುತ್ತಾರೆ. ಎಲ್ಲವನ್ನೂ ಒಟ್ಟಿಗೆ ಒಪ್ಪಿಸಿದರೆ ಕೇರಳದ ಕುಮರಕಂನಲ್ಲಿ, ಹಿನ್ನೀರಿನ ದಡದ ಒಂದು ದೊಡ್ಡ ಹೋಟೆಲಿನಲ್ಲಿ, ಇಬ್ಬರಿಗೆ ಮೂರು ರಾತ್ರಿಯ ವಾಸ, ಊಟ ತಿಂಡಿ, ದೋಣಿ ವಿಹಾರ, ಎಲ್ಲವೂ ಬರುತ್ತದೆ. ಮಾರ್ಚ್ ಮೂವತ್ತೊಂದರೊಳಗೆ ಬಳಸದಿದ್ದರೆ ಪಾಯಿಂಟ್‌ಗಳು ರದ್ದಾಗುತ್ತವೆ.

ನನಗೂ ನಿಮ್ಮ ಅಳಿಯ ಭಾರ್ಗವ್‌ಗೂ ಹೋಗಲು ಆಗುವುದಿಲ್ಲ. ನೀವೂ ದೊಡ್ಡಮ್ಮನೂ ಹೋಗಿಬರಬೇಕು. ದೊಡ್ಡಮ್ಮ ಎಂಟು ವರ್ಷ, ಹಾಸಿಗೆ ಹಿಡಿದಿದ್ದ ಅಜ್ಜಿಯ ಮಂಚದ ಪಕ್ಕ ಚಾಪೆ ಹಾಸಿಕೊಂಡು ಮಲಗಿದರು. ಅಜ್ಜಿ ಹೋಗಿ ವರ್ಷವಾಗುತ್ತ ಬಂದರೂ ಅವರ ನಿದ್ದೆ ಇನ್ನೂ ಹಿಂದಿರುಗಿಲ್ಲವೆಂದು ನೀವೇ ಬರೆದಿದ್ದಿರಿ.

ಒಂದು ಪೈಸೆಯೂ ಖರ್ಚಿಲ್ಲ. ಇಲ್ಲವೆನ್ನಬೇಡಿ.

ಸುಮೇಧಾ

*

ಮುಳಬಾಗಿಲು
೪ ಡಿಸೆಂಬರ್ ೨೦೦೫

ಸುಮೇಧಾ,

ನಿನ್ನ ಕಾಗದ ತಲುಪಿತು. ತಪ್ಪುಗಳು ಎರಡೇ, ಎರಡನೆಯದು ಅಲಕ್ಷ್ಯದಿಂದ ಆದದ್ದು, ಅಜ್ಞಾನದಿಂದಲ್ಲ.

ನಿನ್ನ ಅಜ್ಜಿ ಗಂಗರತ್ನಮ್ಮನವರ ವಾರ್ಷಿಕ ಮಾರ್ಗಶಿರದ ಕೊನೆಗೆ ಬರುತ್ತದೆ. ಅದು ಮುಗಿಯುವವರೆಗೆ ಈ ಮನೆಯಲ್ಲಿ ವಿಹಾರದ ಮಾತನ್ನು ಆಡುವಂತಿಲ್ಲ. ಇದು ಮೊದಲನೆಯದು.

ಎರಡನೆಯದು, ನೀನು ಬರೆದಿರುವ 'ರಿವಾರ್ಡ್' ಎಂಬ ವಸ್ತು. ಪುರಸ್ಕಾರವೆಂಬುದು ಒಂದು ಸತ್ಕಾರ್ಯಕ್ಕೆ ದೊರೆಯುವ ಮನ್ನಣೆ. ಮೂವತ್ತಾರು ವರ್ಷ ಪಾಠ ಹೇಳಿದ ನನಗೆ ಬೀಳ್ಕೊಡುಗೆಯ ದಿನ ಒಂದು ಶಾಲು ದೊರೆಯಿತು. ಅದಕ್ಕೆ ಕಾರಣವನ್ನು ಹೇಳಬಲ್ಲೆ. ಬ್ಯಾಂಕು ನಿನಗೆ ಈ ಪುರಸ್ಕಾರವನ್ನು ಯಾವ ಸತ್ಕಾರ್ಯಕ್ಕಾಗಿ ಕೊಡುತ್ತಿದೆ? ನೀನು ಲೆಕ್ಕಪರಿಶೋಧಕಿ. ಕಾರಣವಿಲ್ಲದ ಜಮೆಯನ್ನು ನೀನೇ ಪ್ರಶ್ನಿಸಬೇಕು.

ನನ್ನ ಹಳೆಯ ವಿದ್ಯಾರ್ಥಿ ಕೊಂಡಪ್ಪ ನಂಗಲಿಯ ಹೆದ್ದಾರಿಯಲ್ಲಿ ಟೈರಿನ ಅಂಗಡಿ ಇಟ್ಟಿದ್ದಾನೆ. ಮೊನ್ನೆ ಬಂದಿದ್ದ. ಅವನಿಗೆ ವಿಷಯ ಹೇಳಿದೆ. ಅವನು ನಕ್ಕ.

"ಅಂತೇ ಸಾರ್, ಅಷ್ಟೇ! ನಮ್ಮ ನಂಗಲಿ ಡಾಬಾದೋನು ಲಾರಿ ಡ್ರೈವರ್‌ಗೆ ಕಾಸು ತಗೊಳ್ದೆ ಊಟ ಹಾಕ್ತಾನಲ್ಲ, ಯಾಕೆ ಹೇಳಿ? ಇವ್ನು ನಿಲ್ಸಿದ್ರೆ ಹಿಂದ್ಗಡೆ ಹತ್ತು ಲಾರಿ ನಿಲ್ತವೆ ಅಂತ. ನಮ್ಮ ಸುಮೇಧಮ್ಮನ್ನೂ ಆ ಬ್ಯಾಂಕ್‌ನೋರು ಡ್ರೈವರ್ ಮಾಡ್ಕೊಂಡವ್ರೆ. ಹೋಗಿ ಉಂಡ್ಕೊಂಡು ಬನ್ನಿ ಸಾರ್, ಡಾಬಾದೋನೇನು ನಷ್ಟ ಮಾಡ್ಕೊಳಲ್ಲ."

ಅವನ ತರ್ಕದಲ್ಲಿ ದೋಷವಿಲ್ಲ. ಆದರೆ ನಾನು ಡ್ರೈವರನಲ್ಲ. ನಿನ್ನ ದೊಡ್ಡಮ್ಮನಿಗೂ ಇಂಥ ಪ್ರವಾಸಗಳಲ್ಲಿ ಆಸಕ್ತಿಯಿಲ್ಲ.

ಕೃಷ್ಣಮೂರ್ತಿ

[ಅಂತರ್ದೇಶೀಯ ಪತ್ರದ ಮಡಿಕೆಯಲ್ಲಿ, ಬೇರೆ ಕೈಬರಹ]
ಸುಮೇ, ಕಾಗದಕ್ಕೆ ಗೋಂದು ಹಚ್ಚೋದು ನನ್ನ ಕೆಲಸ ಅಲ್ವಾ, ಹಚ್ಚೋಕೆ ಮುಂಚೆ ಓದ್ಕೊಂಡೆ. ನಂಗೆ ಆಸಕ್ತಿ ಇಲ್ಲ ಅಂತ ಬರೆದಿದ್ದಾರೆ. ನನ್ನ ಕೇಳಿದ್ದು ಯಾವಾಗ? ಅಟ್ಟದ ಮೇಲಿಂದ ಟ್ರಂಕು ಇಳಿಸಿ ಒರೆಸಿ ಇಟ್ಟಿದೀನಿ ಕಣೇ. — ದೊಡ್ಡಮ್ಮ

*

ಪುಣೆ
೧೮ ಡಿಸೆಂಬರ್ ೨೦೦೫

ದೊಡ್ಡಪ್ಪ,

ವಾರ್ಷಿಕ ಮುಗಿದ ಮೇಲೆಯೇ ಹೋಗಿ. ಅದಕ್ಕಾಗಿಯೇ ಮಾರ್ಚಿನವರೆಗೆ ಸಮಯವಿದೆ ಎಂದು ಬರೆದದ್ದು. ಹೋಟೆಲಿನವರ ಬಣ್ಣದ ಪುಸ್ತಿಕೆಯನ್ನೂ, ಎಷ್ಟು ಪಾಯಿಂಟ್‌ಗಳಿಗೆ ಏನೇನು ಕೊಡುತ್ತಾರೆಂಬ ಬ್ಯಾಂಕಿನ ಹಾಳೆಯನ್ನೂ ಇದರೊಂದಿಗೆ ಇಟ್ಟಿದ್ದೇನೆ. ಬಂಗಾರಪೇಟೆಯಲ್ಲಿ ಕನ್ಯಾಕುಮಾರಿಯ ರೈಲು ಹತ್ತಿದರೆ ಮರುದಿನ ಬೆಳಗ್ಗೆ ಕೊಟ್ಟಾಯಂ. ಅಲ್ಲಿಗೆ ಹೋಟೆಲಿನ ಕಾರೇ ಬರುತ್ತದೆ.

ಯಾವ ಸತ್ಕಾರ್ಯಕ್ಕೆ ಎಂದು ಕೇಳಿದ್ದೀರಿ. ಬ್ಯಾಂಕಿನವರು ಅದನ್ನು ಕೇಳುವುದಿಲ್ಲ ದೊಡ್ಡಪ್ಪ. ಹಣ ಎಲ್ಲಿಗೆ ಹೋಯಿತು, ಏಕೆ ಹೋಯಿತು, ಅದರಿಂದ ಏನಾಯಿತು, ಇವು ಅವರಿಗೆ ಬೇಕಿಲ್ಲ. ಹೋದರೆ ಸಾಕು. ಅಗತ್ಯಕ್ಕೆಂದೇ ಖರ್ಚು ಮಾಡಿದೆವು. ಅಷ್ಟು ತಿಳಿದಿರಲಿ.

ಇಲ್ಲಿ ಚಳಿ ಇದೆ. ಈಗ ಸಂಜೆ ಕಚೇರಿಯಿಂದ ನೇರವಾಗಿ ಮನೆಗೆ ಬರುತ್ತೇನೆ. ದಾರಿಯಲ್ಲಿ ಬೇರೆಲ್ಲಿಗೂ ಹೋಗಬೇಕಾದ್ದಿಲ್ಲ. ಇಷ್ಟು ಬೇಗ ಬಂದು ಏನು ಮಾಡಬೇಕೆಂಬುದು ಇನ್ನೂ ಅಭ್ಯಾಸವಾಗಿಲ್ಲ.

ಟ್ರಂಕನ್ನು ಅಟ್ಟಕ್ಕೆ ಏರಿಸಬೇಡಿ.

ಸುಮೇಧಾ

*

ಮುಳಬಾಗಿಲು
೧೦ ಜನವರಿ ೨೦೦೬

ಸುಮೇಧಾ,

ವಾರ್ಷಿಕ ನಿರ್ವಿಘ್ನವಾಗಿ ನೆರವೇರಿತು. ಟ್ರಂಕಿನ ವಿಷಯವನ್ನು ನಾನು ನಿನಗೆ ಬರೆದಿರಲಿಲ್ಲ. ಹೇಗೆ ತಿಳಿಯಿತೆಂದು ವಿಚಾರಿಸಿದ್ದೇನೆ. ಗೋಂದಿನ ಬಟ್ಟಲು ಇನ್ನು ಮುಂದೆ ನನ್ನ ಮೇಜಿನ ಮೇಲಿರಬಹುದೆಂದು ಸೂಚಿಸಿದೆ. ಸೂಚನೆ ಅಂಗೀಕಾರವಾಗಲಿಲ್ಲ.

ಪಿಂಚಣಿಯ ಕೆಲಸಕ್ಕೆ ಕೋಲಾರಕ್ಕೆ ಹೋಗಿದ್ದೆ. ಅಲ್ಲಿನ ಒಂದು ಬ್ಯಾಂಕಿನಲ್ಲಿ ನನ್ನ ವಿದ್ಯಾರ್ಥಿ ಶ್ರೀಧರ್ ಅಧಿಕಾರಿಯಾಗಿದ್ದಾನೆ. ನೀನು ಕಳುಹಿಸಿದ ಹಾಳೆಯನ್ನು ಅವನಿಗೆ ತೋರಿಸಿದೆ. ಅವನು ಕ್ಯಾಲ್ಕುಲೇಟರ್ ಒತ್ತಿ ನೋಡಿ ಹುಬ್ಬೇರಿಸಿದ.

"ಸಾರ್, ಇಷ್ಟು ಪಾಯಿಂಟ್ ಬರ್ಬೇಕಾದ್ರೆ ಕೋಲಾರದಲ್ಲಿ ಒಂದು ಚಿಕ್ಕ ಮನೆ ಕಟ್ಟೋವಷ್ಟು ಉಜ್ಜಿರ್ಬೇಕು."

"ಉಜ್ಜುವುದೆಂದರೇನಯ್ಯಾ?"

"ಕಾರ್ಡು ಸಾರ್, ಮೆಷಿನ್‌ಗೆ. ಮೇಡಂ ಏನು ಚಿನ್ನ ಗಿನ್ನ ತಗೊಂಡಿದ್ರಾ?"

ಹಾಳೆಯನ್ನು ಮಡಿಚಿ ಜೇಬಿಗೆ ಹಾಕಿಕೊಂಡೆ. ಅವನ ಎದುರಿನಲ್ಲಿ ತಲೆ ತಗ್ಗಿಸಿದಂತಾಯಿತು.

ಚಿನ್ನ ಕೊಂಡಿದ್ದರೆ ನೀನು ದೊಡ್ಡಮ್ಮನಿಗೆ ಬರೆಯುತ್ತಿದ್ದೆ. ಕಾರು ಹಳೆಯದೇ ಇದೆ. ಹಾಗಾದರೆ ಇಬ್ಬರೇ ಇರುವ ಮನೆಗೆ ನೀವು ಕೊಂಡದ್ದಾದರೂ ಏನು? ಅಗತ್ಯ ಎಂಬ ಪದವನ್ನು ಬಳಸಿದ್ದೀಯೆ. ಅಗತ್ಯವೆಂದರೆ ಇಲ್ಲದಿದ್ದರೆ ನಡೆಯದು ಎಂದರ್ಥ. ಅಷ್ಟು ಹಣದ ವಸ್ತು ಇಲ್ಲದೆ ನಡೆಯದಂತಹ ಮನೆಯನ್ನು ನಾನು ಕಂಡಿಲ್ಲ. ಉಡುಪಿನಲ್ಲಿ, ಊಟದಲ್ಲಿ, ಮಾತಿನಲ್ಲಿ ಮಿತವಾಗಿರುವುದನ್ನು ಈ ಮನೆಯಲ್ಲಿ ಕಲಿಸಿ ಕಳುಹಿಸಿದ್ದೆವು. ದುಂದಿನ ಬಾಲವಾಗಿ ಬಂದ ಉಡುಗೊರೆಯಲ್ಲಿ ನಾನು ಮೂರು ರಾತ್ರಿ ಮಲಗಲಾರೆ.

ನಿಷ್ಠುರವಾಗಿ ಬರೆದೆನೆನಿಸಿದರೆ ಎರಡನೆಯ ಬಾರಿ ಓದು. ಹಿತಕ್ಕಾಗಿಯೇ ಬರೆದಿದ್ದೇನೆ.

ಕೃಷ್ಣಮೂರ್ತಿ

[ಮಡಿಕೆಯಲ್ಲಿ]
ಎರಡನೇ ಸಲ ಓದಬೇಡ್ವೇ. ಒಂದೇ ಸಲ ಸಾಕು. ವಾರ್ಷಿಕದ ಅಡುಗೆ ಮಾಡಿ ಸೊಂಟ ಹಿಡ್ಕೊಂಡಿದೆ, ಅದಕ್ಕೇ ನಾಲ್ಕೇ ಸಾಲು. ನೀನು ಏನು ಕೊಂಡ್ಕೊಂಡ್ರೂ ನಂಗೆ ಲೆಕ್ಕ ಬೇಡ. ಮೈ ಇಳಿದಿದೀಯಂತೆ, ಮಾಲೂರಿನ ನಿಮ್ಮತ್ತೆ ವಾರ್ಷಿಕಕ್ಕೆ ಬಂದಾಗ ಹೇಳಿದ್ರು. ಹೌದಾ?

*

ಪುಣೆ
೨೨ ಜನವರಿ ೨೦೦೬

ದೊಡ್ಡಪ್ಪ,

ಒಂದೇ ಸಲ ಓದಿದೆ.

ಕೊಂಡದ್ದು ಯಾವುದೂ ಮನೆಗೆ ಬರಲಿಲ್ಲ. ಇದಕ್ಕಿಂತ ಹೆಚ್ಚು ಕೇಳಬೇಡಿ. ದುಂದು ಮಾಡಲಿಲ್ಲವೆಂದು ನಿಮ್ಮ ವಿದ್ಯಾರ್ಥಿನಿಯಾಗಿ ಹೇಳುತ್ತಿದ್ದೇನೆ.

ನೀವು ಒಂದೊಂದು ಕಾಗದದಲ್ಲಿ ಒಂದೊಂದು ಕಾರಣ ಕೊಡುತ್ತಿದ್ದೀರಿ. ವಾರ್ಷಿಕವಾಯಿತು, ಪುರಸ್ಕಾರವಾಯಿತು, ಈಗ ದುಂದು. ನಿಜವಾದ ಕಾರಣ ಇವುಗಳಲ್ಲಿ ಯಾವುದೂ ಅಲ್ಲವೆಂದು ನನಗೆ ಅನಿಸುತ್ತಿದೆ. ೨೦೦೧ರಲ್ಲಿ ಅಜ್ಜಿಯನ್ನು ನೆರೆಮನೆಯವರಿಗೆ ಒಪ್ಪಿಸಿ ನಮ್ಮ ಗೃಹಪ್ರವೇಶಕ್ಕೆ ಬಂದಾಗ ನೀವಿಬ್ಬರೂ ಮಠದಲ್ಲಿ ಇಳಿದುಕೊಂಡಿರಿ. ಊಟದ ಹೊತ್ತಿಗೆ ಸರಿಯಾಗಿ ಅಲ್ಲಿಗೆ ಹೊರಟುಹೋದಿರಿ. ಮಡಿಗೋಸ್ಕರವೆಂದು ಭಾರ್ಗವ್‌ಗೆ ಸಮಾಧಾನ ಹೇಳಿದೆ. ದೊಡ್ಡಮ್ಮ ಬಾಗಿಲವರೆಗೆ ಹೋಗಿ ಹಿಂದಿರುಗಿ ನೋಡಿದ್ದು ನನಗೆ ಇನ್ನೂ ನೆನಪಿದೆ.

ಈಗಲೂ ಅದೇ ಏನು? ನೇರವಾಗಿ ಹೇಳಿ. ಸುತ್ತಿ ಬಳಸಿ ಬರೆದ ಉತ್ತರಕ್ಕೆ ನೀವೇ ಅಂಕ ಕೊಡುತ್ತಿರಲಿಲ್ಲ.

ಸುಮೇಧಾ

*

ಮುಳಬಾಗಿಲು
೫ ಫೆಬ್ರವರಿ ೨೦೦೬

ಸುಮೇಧಾ,

ನೇರವಾಗಿ ಕೇಳಿದ್ದೀಯೆ, ನೇರವಾಗಿಯೇ ಹೇಳುತ್ತೇನೆ.

ಹೆಣ್ಣನ್ನು ಧಾರೆಯೆರೆದು ಕೊಟ್ಟವರು, ಅವಳಿಗೆ ಮಗುವಾಗುವವರೆಗೆ ಅವಳ ಮನೆಯ ಅನ್ನವನ್ನು ಉಣ್ಣುವುದಿಲ್ಲ. ನಿನ್ನ ತಂದೆತಾಯಿಗಳು ಇಲ್ಲದ ಕಾರಣ ನಿನ್ನನ್ನು ಧಾರೆಯೆರೆದವರು ನಾವು. ಆದುದರಿಂದ ಈ ನಿಯಮ ನಮಗೆ ಅನ್ವಯಿಸುತ್ತದೆ. ನಿನ್ನ ಸಂಪಾದನೆಯಿಂದ ಬಂದ ಊಟ ಪುಣೆಯಲ್ಲಿ ಬಡಿಸಿದರೂ ಕುಮರಕಂನಲ್ಲಿ ಬಡಿಸಿದರೂ ನಿನ್ನ ಊಟವೇ.

ಇದನ್ನು ನಾನು ಪುಸ್ತಕದಲ್ಲಿ ಓದಿದ್ದಲ್ಲ, ಕಣ್ಣಾರೆ ಕಂಡದ್ದು. ನಿನ್ನ ದೊಡ್ಡಮ್ಮನ ತಂದೆ ಪ್ರತಿ ವೈಶಾಖದಲ್ಲಿ ಶ್ರೀನಿವಾಸಪುರದಿಂದ ಒಂದು ಬುಟ್ಟಿ ರಸಪುರಿ ಹೊತ್ತು ತರುತ್ತಿದ್ದರು. ಜಗಲಿಯ ಮೇಲೆಯೇ ಕುಳಿತುಕೊಳ್ಳುತ್ತಿದ್ದರು. ಒಂದು ಲೋಟ ನೀರು ಕುಡಿದರೆ ಲೋಟದ ಕೆಳಗೆ ನಾಲ್ಕಾಣೆ ಇಟ್ಟು, ಸಂಜೆಯ ಬಸ್ಸಿಗೆ ಹಸಿದ ಹೊಟ್ಟೆಯಲ್ಲಿಯೇ ಹಿಂದಿರುಗುತ್ತಿದ್ದರು. ನಮಗೆ ಮಕ್ಕಳಾಗಲಿಲ್ಲವಷ್ಟೆ. ಕೊನೆಯವರೆಗೂ ಅವರು ತಮ್ಮ ನಿಷ್ಠೆಯನ್ನು ಬಿಡಲಿಲ್ಲ. ಅಂತಹ ದೃಢತೆ ಈಗಿನವರಲ್ಲಿ ಇಲ್ಲ. ಅವರ ಅಳಿಯನಾದ ನಾನು ಒಂದು ಹೋಟೆಲಿನ ಆಸೆಗೆ ಸಡಿಲಿದರೆ ಶೋಭಿಸೀತೆ?

ಆದರೆ ನೀನು ನೊಂದುಕೊಳ್ಳುವ ಕಾರಣವಿಲ್ಲ. ತಡವಾಗಿದೆ, ನಿಜ. ಇಬ್ಬರೂ ದುಡಿಮೆ ದುಡಿಮೆ ಎಂದು ಓಡುವುದನ್ನು ಸ್ವಲ್ಪ ನಿಲ್ಲಿಸಿದರೆ ಉಳಿದುದು ತಾನಾಗಿಯೇ ಆಗುತ್ತದೆ. ಆ ದಿನ ನೀನು ಕರೆಯಬೇಕಾದ್ದಿಲ್ಲ. ನಾನೇ ಬಂದು ಎಲೆ ಹಾಕಿಸಿಕೊಂಡು ಕುಳಿತುಕೊಳ್ಳುತ್ತೇನೆ.

ಕೃಷ್ಣಮೂರ್ತಿ

*

ಪುಣೆ
೧೪ ಫೆಬ್ರವರಿ ೨೦೦೬

ದೊಡ್ಡಪ್ಪ,

ಈ ಸಲ ಮಡಿಕೆ ಖಾಲಿಯಾಗಿತ್ತು. ದೊಡ್ಡಮ್ಮ ಏನೂ ಬರೆದಿರಲಿಲ್ಲ. ಮೊದಲು ಅದನ್ನೇ ನೋಡಿದೆ, ಆಮೇಲೆ ನಿಮ್ಮ ಕಾಗದವನ್ನು.

ನೀವು ನೇರವಾಗಿ ಬರೆದಿರಿ, ನಾನೂ ಬರೆಯುತ್ತೇನೆ. ಬರೆಯಬಾರದೆಂದು ಇದ್ದೆ.

ಆ ಪಾಯಿಂಟ್‌ಗಳು ಬಂದದ್ದು ಆಸ್ಪತ್ರೆಯಿಂದ. ಇಲ್ಲಿ ಮಕ್ಕಳಾಗದವರಿಗೆ ಚಿಕಿತ್ಸೆ ಕೊಡುವ ಒಂದು ಆಸ್ಪತ್ರೆ ಇದೆ. ಪ್ರತಿ ಸಲವೂ ಮೊದಲು ಹಣ ಕಟ್ಟಬೇಕು, ಆಮೇಲೆ ಚುಚ್ಚುಮದ್ದು, ಆಮೇಲೆ ಕಾಯುವುದು. ನಾಲ್ಕು ವರ್ಷ ಹೀಗೆ ನಡೆಯಿತು. ಕೌಂಟರಿನಲ್ಲಿ ಕುಳಿತ ಹುಡುಗಿ ನನ್ನ ಸಹಿ ಮಾಡಿಸಿಕೊಳ್ಳುತ್ತ, "ಕಾರ್ಡಲ್ಲೇ ಕಟ್ಟಿ ದೀದಿ, ಪಾಯಿಂಟ್ಸ್ ಆದ್ರೂ ಬರತ್ತೆ" ಎಂದು ಹಿಂದಿಯಲ್ಲಿ ಹೇಳುತ್ತಿದ್ದಳು. ಒಳ್ಳೆಯ ಹುಡುಗಿ. ಬೇರೇನು ಹೇಳಬೇಕೆಂದು ಅವಳಿಗಾದರೂ ಹೇಗೆ ತಿಳಿಯಬೇಕು?

ಒಮ್ಮೆ ಎರಡು ತಿಂಗಳು ಗರ್ಭ ನಿಂತಿತ್ತು. ಆಗ ನಿಮಗೆ ಬರೆದ ಕಾಗದದಲ್ಲಿ ಪುಣೆಯ ಮಳೆಯ ವಿಷಯ ಬರೆದೆ. ವಾಕ್ಯಗಳು ಚೆನ್ನಾಗಿವೆ ಎಂದು ಉತ್ತರ ಬರೆದಿರಿ.

ಕಳೆದ ಅಕ್ಟೋಬರಿನಲ್ಲಿ ವೈದ್ಯರೇ ಸಾಕು ಎಂದರು. ಇನ್ನು ಮುಂದುವರಿಸಿದರೆ ನನ್ನ ಜೀವಕ್ಕೆ ಒಳ್ಳೆಯದಲ್ಲವಂತೆ. ಮನೆಗೆ ಬಂದ ಮೇಲೆ ಭಾರ್ಗವ್ ಬಹಳ ಹೊತ್ತು ಬೂಟು ಬಿಚ್ಚದೆ ಕುಳಿತಿದ್ದರು. ಆಮೇಲೆ, "ಆ ಪಾಯಿಂಟ್ಸ್ ಇದೆಯಲ್ಲಾ, ಎಲ್ಲಾದ್ರೂ ಹೋಗ್ಬರೋಣ್ವೇನೇ, ಇನ್ನೇನು ಮಾಡೋಣ" ಎಂದರು. ನಾನೇ ಬ್ಯಾಂಕಿಗೆ ಫೋನು ಮಾಡಿದೆ. ಅಲ್ಲಿನ ಹೆಂಗಸು ಎಲ್ಲವನ್ನೂ ಬರೆದುಕೊಂಡು ಕೊನೆಗೆ, ಮಕ್ಕಳೆಷ್ಟು, ಹನ್ನೆರಡರ ಕೆಳಗಿದ್ದರೆ ಉಚಿತ ಎಂದಳು. ಫೋನು ಇಟ್ಟುಬಿಟ್ಟೆ. ಭಾರ್ಗವ್, "ಬಿಡು, ಮುಳಬಾಗಿಲಿಗೆ ಕೊಡೋಣ. ದೊಡ್ಡಮ್ಮನಾದ್ರೂ ಕಣ್ತುಂಬ ನಿದ್ದೆ ಮಾಡ್ಲಿ" ಎಂದರು. ಅಷ್ಟು ವರ್ಷದ ಓಡಾಟದಿಂದ ನನ್ನ ಕೈಗೆ ಬಂದದ್ದು ಇದೊಂದೇ. ಇದನ್ನು ಬಿಸಾಡಲು ಮನಸ್ಸು ಬರಲಿಲ್ಲ. ನಿಮಗೆ ಕೊಟ್ಟರೆ ಏನೋ ಒಂದು ಆಯಿತು ಎಂದುಕೊಳ್ಳಬಹುದಿತ್ತು.

ಪುರಸ್ಕಾರ ಯಾವ ಸತ್ಕಾರ್ಯಕ್ಕೆ ಎಂದು ಕೇಳಿದ್ದಿರಿ. ಏನು ಕೊಂಡಿರೆಂದೂ ಕೇಳಿದ್ದಿರಿ. ಉತ್ತರ ಇದೇ.

ಇನ್ನೊಂದು ಮಾತು. ಮಗುವಾದ ಮೇಲೆ ಬಂದು ಉಣ್ಣುತ್ತೇನೆಂದು ಬರೆದಿದ್ದೀರಿ. ಹಾಗಾದರೆ ನೀವು ನನ್ನ ಮನೆಯಲ್ಲಿ ಎಂದಿಗೂ ಉಣ್ಣುವುದಿಲ್ಲ ದೊಡ್ಡಪ್ಪ. ಅದನ್ನು ಸ್ಪಷ್ಟವಾಗಿ ತಿಳಿದುಕೊಂಡು ಬರೆಯಿರಿ. ಉತ್ತರಕ್ಕೆ ಅವಸರವಿಲ್ಲ. ನನಗೆ ಬಹಳ ದಣಿವಾಗಿದೆ.

ಸುಮೇಧಾ

*

ಮುಳಬಾಗಿಲು
೩ ಮಾರ್ಚ್ ೨೦೦೬

ಸುಮೇಧಾ,

ಹೋಟೆಲಿನ ಕೋಣೆಯನ್ನು ಕಾಯ್ದಿರಿಸು. ಮಾರ್ಚ್ ಇಪ್ಪತ್ತರಿಂದ ಇಪ್ಪತ್ತಮೂರು. ಹೆಸರುಗಳು ಮತದಾರರ ಚೀಟಿಯಲ್ಲಿರುವಂತೆ: ಎಂ. ಕೃಷ್ಣಮೂರ್ತಿ, ವಯಸ್ಸು ಎಪ್ಪತ್ತು, ಶ್ಯಾಮಲಮ್ಮ, ಅರವತ್ತಾರು. ರೈಲಿನ ಟಿಕೆಟನ್ನು ನಾನೇ ತೆಗೆಸಿದ್ದೇನೆ.

ಉತ್ತರ ತಡವಾಯಿತು. ತಡವಾದ ಬಗೆಯನ್ನು ಹೇಳಬೇಕು.

ನಿನ್ನ ಕಾಗದವನ್ನು ಎಂದಿನಂತೆ ಗಟ್ಟಿಯಾಗಿ ಓದಲು ಆರಂಭಿಸಿದೆ. ಆಸ್ಪತ್ರೆ ಎಂಬಲ್ಲಿ ನಿಲ್ಲಿಸಿದೆ. ಮುಂದೇನು ಎಂದು ನಿನ್ನ ದೊಡ್ಡಮ್ಮ ಕೇಳಿದಳು. ಹವಾಮಾನ ಎಂದೆ. ಹತ್ತು ದಿನ ಕಾಗದ ನನ್ನ ಕೋಟಿನ ಜೇಬಿನಲ್ಲಿತ್ತು. ಅನಂತರ ಅದನ್ನು ಅವಳ ಕೈಗೆ ಕೊಟ್ಟು ನಾನು ಹಿತ್ತಲಿಗೆ ಹೋದೆ. ಅವಳು ಹೊರಗೆ ಬಂದು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕುಳಿತಳು. ಅವಳ ಮಾತನ್ನು ತಿದ್ದದೆ ಬರೆಯುತ್ತೇನೆ.

"ನಿಮ್ಮ ಹಿಂದಿನ ಕಾಗದ ನಾನು ಓದಿದ್ದೆ. ನಮ್ಮಪ್ಪನ್ನ ಹೊಗಳಿ ಬರೆದಿದ್ರಿ. ಏನು ಬರೀಬೇಕು ತೋಚಲಿಲ್ಲ, ಸುಮ್ನೆ ಗೋಂದು ಹಚ್ಚಿ ಕೊಟ್ಟೆ. ನನ್ನ ಕೈಯಾರೆ ಹಚ್ಚಿ ಕಳ್ಸಿದೆ ಆ ಮಗೂಗೆ."

ಅವಳು ಕಾಗದವನ್ನು ಮಡಿಚಿ ಮಡಿಲಲ್ಲಿ ಇಟ್ಟುಕೊಂಡಳು.

"ನಮ್ಮಪ್ಪ ಬರೋ ದಿನ ನಾನು ಒಂದು ಪಾವು ಜಾಸ್ತೀನೇ ಅಕ್ಕಿ ಹಾಕ್ತಿದ್ದೆ. ಇವತ್ತಾದ್ರೂ ಒಳಗೆ ಬಂದು ಕೂರ್ತಾರೇನೋ ಅಂತ. ಹದಿನೇಳು ವರ್ಷ. ಅವರು ಮಾವಿನ ಹಣ್ಣು ಇಟ್ಟು ಹೊರಟುಹೋಗೋರು. ನೀವು ಜಗಲಿ ಮೇಲೆ ನಿಂತು, ಎಂಥಾ ನಿಷ್ಠೆ ಎಂಥಾ ನಿಷ್ಠೆ ಅನ್ನೋರು. ಆ ರಾತ್ರಿ ನಿಮಗೆ ಎರಡು ಸಲ ಬಡಿಸಿದ್ರೂ ಅನ್ನ ಯಾಕೆ ಮುಗಿಯಲ್ಲ ಅಂತ ಒಂದು ದಿನ ಕೇಳಿದ್ರಾ?"

ಕೇಳಿರಲಿಲ್ಲ.

"ನಾನು ಬದುಕಿದೀನಿ, ಬಿಡಿ. ಅವಳಿಗೂ ಅದೇ ಮಾಡ್ತೀರಾ?"

ನಿನ್ನನ್ನು ಕೇಳಿದ್ದ ಎರಡು ಪ್ರಶ್ನೆಗಳನ್ನು ಹಿಂತೆಗೆದುಕೊಂಡಿದ್ದೇನೆ.

ನಿನ್ನ ಆರೋಗ್ಯದ ಬಗ್ಗೆ ವೈದ್ಯರು ಹೇಳಿದ್ದನ್ನು ಚಾಚೂ ತಪ್ಪದೆ ಪಾಲಿಸು.

ಕೃಷ್ಣಮೂರ್ತಿ

[ಮಡಿಕೆಯಲ್ಲಿ]
ಸುಮೇ. ನಂಗೆ ಬರಿಯೋಕಾಗ್ತಿಲ್ಲ. ತಲೆಗೆ ಎಣ್ಣೆ ಹಚ್ಕೋ, ಹೊತ್ತಿಗೆ ಸರಿಯಾಗಿ ಉಣ್ಣು.

*

ಪುಣೆ
೯ ಮಾರ್ಚ್ ೨೦೦೬

ದೊಡ್ಡಪ್ಪ,

ಕೋಣೆ ನಿಶ್ಚಯವಾಗಿದೆ. ಹೋಟೆಲಿನ ಚೀಟಿಯನ್ನು ಕೊರಿಯರಿನಲ್ಲಿ ಕಳುಹಿಸುತ್ತಿದ್ದೇನೆ. ಅದನ್ನು ತೋರಿಸಿದರೆ ಸಾಕು, ಯಾರೂ ಹಣ ಕೇಳುವುದಿಲ್ಲ. ಈರುಳ್ಳಿ ಬೆಳ್ಳುಳ್ಳಿ ಬೇಡವೆಂದು ಮೊದಲೇ ಬರೆಸಿದ್ದೇನೆ. ಕೋಣೆಯಿಂದ ನೀರಿಗೆ ಇಳಿಯುವ ಮೆಟ್ಟಿಲುಗಳಿವೆಯಂತೆ. ದೊಡ್ಡಮ್ಮ ಒಬ್ಬರೇ ಇಳಿಯುವುದು ಬೇಡ.

ಒಂದು ಮಾತು ಹೇಳಿಬಿಡುತ್ತೇನೆ. ಎಲ್ಲವನ್ನೂ ಬರೆದ ಮೇಲೆ ನನಗೆ ಹಗುರವಾಗಲಿಲ್ಲ, ನಾಚಿಕೆಯಾಯಿತು. ಕಷ್ಟ ಹೇಳಿಕೊಂಡು ನಿಮ್ಮನ್ನು ಒಪ್ಪಿಸಿದಂತಾಯಿತು. ನೀವು ಕನಿಕರದಿಂದ ಹೋಗುತ್ತಿದ್ದರೆ ದಯವಿಟ್ಟು ಬೇಡ. ಅಲ್ಲಿ ಕೋಣೆಯಲ್ಲಿ ಕುಳಿತು ಮನೆಯಿಂದ ತಂದ ಅವಲಕ್ಕಿ ತಿಂದು ಹಿಂದಿರುಗುವುದಾದರೂ ಬೇಡ. ಪಾಯಿಂಟ್‌ಗಳು ರದ್ದಾಗಲಿ. ಹೇಗೂ ರದ್ದಾಗುವವೇ ಆಗಿದ್ದವು.

ದೊಡ್ಡಮ್ಮ ಹೇಳಿದ್ದನ್ನು ತಿದ್ದದೆ ಬರೆದಿರಲ್ಲ, ಅದನ್ನು ಮಾತ್ರ ಮತ್ತೆ ಮತ್ತೆ ಓದುತ್ತಿದ್ದೇನೆ.

ಸುಮೇಧಾ

*

ಕುಮರಕಂ
೨೧ ಮಾರ್ಚ್ ೨೦೦೬

ಸುಮೇಧಾ,

ಇದನ್ನು ಹೋಟೆಲಿನ ಹಾಳೆಯಲ್ಲಿಯೇ ಬರೆಯುತ್ತಿದ್ದೇನೆ. ಹಾಳೆ ದಪ್ಪವಾಗಿದೆ, ಶಾಯಿ ಹರಡುವುದಿಲ್ಲ.

ನಿನ್ನೆ ಬೆಳಗ್ಗೆ ಬಂದಿಳಿದೆವು. ಎಳನೀರು ಕೊಟ್ಟು ಹಣೆಗೆ ಗಂಧ ಇಟ್ಟರು. ಮೇಜಿನ ಹಿಂದೆ ನಿಂತಿದ್ದ ಯುವತಿಗೆ ಸ್ವಲ್ಪ ತೆಲುಗು ಬರುತ್ತಿತ್ತು. ಚೀಟಿಯನ್ನು ನೋಡಿ ಹೆಸರು ಬರೆದುಕೊಳ್ಳುತ್ತ, ಮಾತಿಗೆಂದು, ಮಕ್ಕಳೆಷ್ಟು ಅಮ್ಮಾ ಎಂದು ನಿನ್ನ ದೊಡ್ಡಮ್ಮನನ್ನು ಕೇಳಿದಳು. ನಲವತ್ತೈದು ವರ್ಷಗಳಿಂದ ಈ ಪ್ರಶ್ನೆಗೆ ಅವಳು ನನ್ನ ಮುಖ ನೋಡುತ್ತಿದ್ದಳು, ನಾನು ವಿಷಯ ಬದಲಿಸುತ್ತಿದ್ದೆ. ನಿನ್ನೆ ಅವಳು ನನ್ನ ಕಡೆ ತಿರುಗಲಿಲ್ಲ. "ಒಕ್ಕತೇ ಕೂತುರು. ಅವಳೇ ಕಳಿಸಿರೋದು" ಎಂದಳು. ಒಬ್ಬಳೇ ಮಗಳು ಎಂಬುದು ತೆಲುಗಿನಲ್ಲಿ, ಉಳಿದುದು ಕನ್ನಡದಲ್ಲಿ.

ಕೋಣೆ ನಮ್ಮ ಶಾಲೆಯ ಎರಡು ತರಗತಿಗಳಷ್ಟಿದೆ. ಸ್ನಾನದ ಮನೆಗೆ ಮೇಲ್ಛಾವಣಿ ಇಲ್ಲ, ಆಕಾಶ ಕಾಣುತ್ತದೆ. "ಏನ್ರೀ ಇದು, ಇಷ್ಟೆಲ್ಲಾ ಕಟ್ಟಿ ಸೂರು ಹಾಕೋಕೆ ದುಡ್ಡು ಸಾಲಲಿಲ್ವಾ ಇವರಿಗೆ?" ಎಂದಳು. ಹಾಸಿಗೆಯ ಮೇಲೆ ಎರಡು ಟವೆಲುಗಳನ್ನು ಹಂಸದಂತೆ ಮಡಿಚಿ ಇಟ್ಟಿದ್ದರು. ಅವುಗಳನ್ನು ಬಿಡಿಸಿ, ಒದರಿ, ನಾಲ್ಕು ಮಡಿಕೆ ಹಾಕಿ ಗೂಟಕ್ಕೆ ನೇತುಹಾಕಿದಳು. ಇಂದು ಬೆಳಗ್ಗೆ ಹಂಸಗಳು ಮತ್ತೆ ಬಂದಿವೆ. ಅವಳು, ಕೋಣೆಯ ಕೆಲಸದ ಹುಡುಗ, ಇಬ್ಬರಲ್ಲಿ ಯಾರು ಮೊದಲು ಸೋಲುತ್ತಾರೆಂದು ಕಾದು ನೋಡುತ್ತಿದ್ದೇನೆ.

ಅವಲಕ್ಕಿಯ ವಿಷಯದಲ್ಲಿ ನಿನ್ನ ಊಹೆ ಸರಿಯಾಗಿತ್ತು. ಎರಡು ಸೇರು ತಂದಿದ್ದೆ. ನಿನ್ನ ಕಾಗದ ತಲುಪುವ ಮೊದಲೇ ಅದು ಟ್ರಂಕಿನಲ್ಲಿತ್ತು. ತಲುಪಿದ ಮೇಲೆಯೂ ನಾನು ತೆಗೆಯಲಿಲ್ಲ. ನಿನ್ನೆ ಮಧ್ಯಾಹ್ನ ಊಟದ ಶಾಲೆಗೆ ಹೋಗುವ ಹೊತ್ತಿಗೆ ಟ್ರಂಕು ತೆರೆದರೆ ಡಬ್ಬಿ ಇರಲಿಲ್ಲ. ಕೇಳಿದ್ದಕ್ಕೆ, "ಬಂಗಾರಪೇಟೆ ಸ್ಟೇಷನ್ನಲ್ಲಿ ಹೂವಿನ ಮುದುಕಿಗೆ ಕೊಟ್ಟೆ. ಕೂತ್ಕೊಳ್ಳಿ, ಮಗು ಅನ್ನ ಹಾಕಿದಾಳೆ" ಎಂದಳು. ಕುಳಿತೆ. ಅನ್ನ, ಓಲನ್ ಎಂಬ ಬೂದುಗುಂಬಳದ ಪಲ್ಯ, ಹುಳಿ, ಹಾಗಲಕಾಯಿ, ಪಾಯಸ. ಉಪ್ಪು ಕಡಿಮೆ, ತೆಂಗು ಹೆಚ್ಚು. ಎರಡನೆಯ ಬಾರಿ ಅನ್ನ ಕೇಳಿ ಹಾಕಿಸಿಕೊಂಡೆ.

ಊಟವಾದ ಮೇಲೆ ಅವಳು ಮಲಗಿದವಳು ದೀಪ ಹಚ್ಚುವ ಹೊತ್ತಿಗೆ ಎದ್ದಳು. ಅವಳು ಹಗಲಿನಲ್ಲಿ ನಿದ್ರಿಸಿದ್ದನ್ನು ನಾನು ಮದುವೆಯಾದಂದಿನಿಂದ ನೋಡಿರಲಿಲ್ಲ. ಒಂದು ಕೈಯನ್ನು ಮಂಚದಿಂದ ಹೊರಕ್ಕೆ ಚಾಚಿಕೊಂಡಿದ್ದಳು. ನನ್ನ ತಾಯಿ ಎದ್ದರೆ ತಿಳಿಯಲೆಂದು ಹಾಗೆಯೇ ಮಲಗುವ ರೂಢಿ. ಎಬ್ಬಿಸಲಿಲ್ಲ. ಕಿಟಕಿಯ ಬಳಿ ಕುಳಿತು ನೀರನ್ನು ನೋಡಿದೆ. ನೋಡುವುದಕ್ಕೆ ಹೆಚ್ಚೇನೂ ಇರಲಿಲ್ಲ, ಯೋಚಿಸಲು ಬಹಳವಿತ್ತು.

ಕನಿಕರದ ವಿಷಯ ನೀನು ಬರೆದಿದ್ದೆ. ಕನಿಕರ ದೊಡ್ಡವರು ಚಿಕ್ಕವರಿಗೆ ತೋರಿಸುವಂಥದು. ನಿನ್ನ ಎದುರು ನನ್ನ ಸ್ಥಾನ ಈಗ ಅದಲ್ಲ. ಹದಿನೇಳು ವರ್ಷ ನನ್ನ ಮನೆಯೊಳಗೇ ನಡೆದುದನ್ನು ಕಾಣದವನು, ಪುಣೆಯಲ್ಲಿ ನಡೆದುದನ್ನು ಕಾಣದಿದ್ದುದರಲ್ಲಿ ಆಶ್ಚರ್ಯವಿಲ್ಲ.

ಈಗ ಮುಖ್ಯ ವಿಷಯ. ಇಲ್ಲಿ ಉಂಡದ್ದರಿಂದ ಆ ನಿಯಮ ಮುರಿಯಿತೆಂದು ನೀನು ತಿಳಿಯಬಾರದು. ನಿನ್ನೆ ಪಾಯಸ ಉಣ್ಣುವಾಗ ನನಗೇ ಹೊಳೆಯಿತು: ಇದು ಹೋಟೆಲಿನ ಅನ್ನ, ಬ್ಯಾಂಕಿನ ಬಾಬ್ತು, ಸುಮೇಧಾಳ ಮನೆಯಲ್ಲ, ಆದ್ದರಿಂದ ದೋಷವಿಲ್ಲ ಎಂದು ವಾದಿಸಬಹುದು. ಫೆಬ್ರವರಿಯಲ್ಲಿ ಇದಕ್ಕೆ ವಿರುದ್ಧವಾಗಿ ವಾದಿಸಿದವನೂ ನಾನೇ. ಹೀಗೆ ವಾದ ಹೂಡಿದರೆ ನಿನ್ನ ಉಡುಗೊರೆಯನ್ನೂ ಪಡೆದು, ನಿಯಮವನ್ನೂ ಉಳಿಸಿಕೊಂಡು, ಮುಳಬಾಗಿಲಿಗೆ ನೆಮ್ಮದಿಯಿಂದ ಹಿಂದಿರುಗಬಹುದು. ಅದು ಬೇಡ.

ಕನ್ಯಾಕುಮಾರಿಯಿಂದ ಮುಂಬಯಿಗೆ ಹೋಗುವ ರೈಲು ಕೊಟ್ಟಾಯಂ ಮಾರ್ಗವಾಗಿ ಪುಣೆಗೆ ಹೋಗುತ್ತದೆ. ಗುರುವಾರಕ್ಕೆ ಎರಡು ಟಿಕೆಟುಗಳನ್ನು ನನ್ನ ಪಿಂಚಣಿಯಿಂದ ತೆಗೆಸಿದ್ದೇನೆ. ಶನಿವಾರ ತಲುಪುತ್ತೇವೆ. ಅದಕ್ಕೂ ಮೊದಲು ನಿನ್ನ ಕೈಸೇರಲೆಂದು ಈ ಕಾಗದವನ್ನು ಕೊರಿಯರಿನಲ್ಲಿ ಕಳುಹಿಸುತ್ತಿದ್ದೇನೆ. ಮಠಕ್ಕೆ ಬರೆದಿಲ್ಲ, ನಿನ್ನ ಮನೆಯಲ್ಲಿಯೇ ಇಳಿದುಕೊಳ್ಳುತ್ತೇವೆ. ಯುಗಾದಿ ಅಲ್ಲಿಯೇ ಆಗಲಿ. ಭಾರ್ಗವ್ ನಿಲ್ದಾಣಕ್ಕೆ ಬಂದರೆ ಸಾಕು. ನೀನು ಮನೆಯಲ್ಲಿರು.

ವಿಶೇಷವಾಗಿ ಏನನ್ನೂ ಮಾಡಬೇಡ. ನೀವಿಬ್ಬರೂ ದಿನವೂ ಉಣ್ಣುವುದೇ ಇರಲಿ, ಬರಿಯ ಸಾರಾದರೂ ಸರಿ. ಮೊದಲು ದೊಡ್ಡಮ್ಮನಿಗೆ ಬಡಿಸು, ಆಮೇಲೆ ನನಗೆ. ಬಡಿಸುವಾಗ ಮಾತು ಬೇಡ. ನನಗೆ ಕೇಳಿಸುವುದೂ ಇಲ್ಲ. ಬಡಿಸಿದ ಮೇಲೆ ಒಳಗೆ ಹೋಗಿ ನಿಲ್ಲಬೇಡ. ನಮ್ಮ ಪಕ್ಕದಲ್ಲಿಯೇ ತಟ್ಟೆ ಇಟ್ಟುಕೊಂಡು ಕುಳಿತುಕೋ. ನೀನು ಕುಳಿತ ಮೇಲೆ ನಾನು ಅನ್ನಕ್ಕೆ ಕೈ ಹಾಕುತ್ತೇನೆ.

ಕೃಷ್ಣಮೂರ್ತಿ